ಬಿಸಿಲಿಗಿಟ್ಟ ಬೋರ್ಡುಗಳು

ಬಿಸ್ಕತ್ತಿನ ತಗಡಿನ ಡಬ್ಬವನ್ನು ಸೋಪುಪುಡಿ ಹಾಕಿ ಮೂರು ಸಲ ತಿಕ್ಕಿದೆ. ಸೀರೆ ನಡುವೆ ಇಡುತ್ತೇವಲ್ಲ, ಆ ನುಸಿಗುಳಿಗೆಯ ವಾಸನೆ ಹೋಗಲಿಲ್ಲ. ಮೂಗಿಗೆ ಬಡಿದಾಗಲೆಲ್ಲ ಮೇಲಿನ ಮನೆಯವರು ನೆನಪಾಗುತ್ತಾರೆ, ಜೊತೆಗೆ ಸಿಟ್ಟೂ ಬರುತ್ತದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಅನ್ನುವವರು ಅನ್ನಲಿ.

ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಅವರು ಬಾಡಿಗೆಗಿದ್ದದ್ದು ನನ್ನ ಮಂಡಿ ಗಟ್ಟಿಯಿದ್ದ ಕಾಲದಲ್ಲಿ. ಕಾರ್ಖಾನೆಯಲ್ಲಿ ಕೆಲಸ. ಫೋನು ನಮ್ಮದು, ಕೇಳಿಕೊಂಡರು ಅಂತ ಮೇಲಕ್ಕೂ ಒಂದು ತಂತಿ ಎಳೆಯಲು ಬಿಟ್ಟೆ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ರಾಜಾಜಿನಗರದಿಂದಲೋ ವಿಜಯನಗರದಿಂದಲೋ ಯಾರೋ ತಮ್ಮ ಕಂಪ್ಯೂಟರಿನಿಂದ ನಮ್ಮ ನಂಬರಿಗೆ ಫೋನು ಹಚ್ಚುವರು. ಮೇಲೆ ಕಂಪ್ಯೂಟರಿನ ಪೆಟ್ಟಿಗೆ ಕಿರುಚಿಕೊಂಡು ಫೋನು ಎತ್ತಿಕೊಳ್ಳುವುದು. ಬಂದವರು ಬೇರೆಯವರು ಬರೆದಿಟ್ಟದ್ದನ್ನು ಓದಿ, ತಮ್ಮದೂ ನಾಲ್ಕು ಮಾತು ಬರೆದು ಹೋಗುವರು. ಒಂದು ಸಲಕ್ಕೆ ಒಬ್ಬರೇ. ಅದಕ್ಕೆ ಬೋರ್ಡು ಅನ್ನುತ್ತಿದ್ದರು. ನಡುವೆ ನಾನು ಕೆಳಗೆ ರಿಸೀವರ್ ಎತ್ತಿದರೆ ಬರೆಯುತ್ತಿದ್ದವರ ಮಾತು ಅರ್ಧಕ್ಕೇ ತುಂಡು. ಆದ್ದರಿಂದ ಬಟ್ಟೆ ಒಣಹಾಕುವ ಕೋಲಿನಿಂದ ನಾನು ಛಾವಣಿಗೆ ಎರಡು ಸಲ ಕುಟ್ಟಬೇಕು, ಅವರು ಮೇಲಿನಿಂದ ಕಾಲಲ್ಲಿ ಒಮ್ಮೆ ಬಡಿಯಬೇಕು, ಆಮೇಲೆ ಫೋನು. ನನ್ನ ಮನೆ, ನನ್ನ ಫೋನು, ನಾನೇ ಕುಟ್ಟಬೇಕು.

ಬೋರ್ಡು ನಡೆಸುವ ಸಾಫ್ಟ್‌ವೇರ್ ಒಂದೇ ಆಗಿರಲಿಲ್ಲ. ಯಾರ್ಯಾರೋ ತಮ್ಮ ಮನೆಯಲ್ಲೇ ಕೂತು ಮಾಡಿದವಂತೆ. ಎರಡು ತಿಂಗಳಿಗೊಮ್ಮೆ ಇವರು ಒಂದನ್ನು ತೆಗೆದು ಇನ್ನೊಂದು ಹಾಕುವರು. ಒಂದು, ಬಂದವರಿಗೆ ಅಕ್ಷರಗಳನ್ನೇ ಜೋಡಿಸಿದ ರಂಗೋಲಿ ತೋರಿಸುತ್ತಿತ್ತು. ಒಂದು ಗುಮಾಸ್ತನ ಹಾಗೆ, ಹೆಸರು ಊರು ಕೇಳದೆ ಒಳಗೆ ಬಿಡುತ್ತಿರಲಿಲ್ಲ. ಇನ್ನೊಂದು ಮೂರು ಸಲ ಕೇಳಿದರೆ ಒಂದು ಸಲ ಉತ್ತರ ಕೊಡುವ ಸೋಮಾರಿ. ಅದರ ಮೇಲೇ ಅವರಿಗೆ ಹೆಚ್ಚು ಪ್ರೀತಿ. ಇರುವುದರಲ್ಲೇ ಇರಬಾರದೇ ಎಂದು ಕೇಳಿದೆ.

"ಅಮ್ಮ, ನಿಮ್ಮನೆ ಸಾರು, ಎದುರುಮನೆ ಸಾರು ಒಂದೇ ಥರ ಇರುತ್ತಾ?"

"ಎದುರುಮನೆಯವಳದು ಸಾರೇ ಅಲ್ಲ ಬಿಡಿ."

ಅದನ್ನೇ ಬೋರ್ಡಿಗೆ ಹಾಕಿಬಿಟ್ಟರು. ಅಲ್ಲಿಂದ ಬೋರ್ಡಿನ ಪಟ್ಟಿಯಲ್ಲಿ ಏಳನೇ ನಂಬರು ನನ್ನದಾಯಿತು. ಯಾವ ಸಾಫ್ಟ್‌ವೇರ್ ಬದಲಾದರೂ ಏಳು ಒತ್ತಿದರೆ ಓನರಮ್ಮನ ಮಾತು. ನಾನು ಓದಿದ್ದು ಮೂರನೇ ಕ್ಲಾಸು. ನಾನು ಬಾಯಲ್ಲಿ ಹೇಳುವೆ, ಅವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವರು. ಹುಳಿಪುಡಿ ಹುರಿಯುವುದು, ನೀರು ಬಿಡುವವನನ್ನು ಬೈದದ್ದು, ಇಂಥವೇ. ಮುಖ ನೋಡದ ಜನ ಉತ್ತರ ಬರೆಯುತ್ತಿದ್ದರು. ಮೇಲಿನವರು ಕೆಳಗಿಳಿದು ಬಂದು ಅದನ್ನು ಓದಿ ಹೇಳುವರು. ನಮ್ಮ ಮನೆಯಲ್ಲೇ ಯಾರೂ ಕೇಳದ ನನ್ನ ಮಾತನ್ನು ವಿಜಯನಗರದ ಯಾರೋ ಕೇಳುತ್ತಿದ್ದರು...

ಆಮೇಲೆ ಇಂಟರ್ನೆಟ್ ಬಂತು. ದಿನಾ ನಮಸ್ಕಾರ ಹಾಕುತ್ತಿದ್ದವರು ಒಬ್ಬೊಬ್ಬರಾಗಿ ಅತ್ತ ಹೋದರು. ಹೋಗುತ್ತೇವೆ ಅಂತ ಒಂದು ಸಾಲು ಬರೆದವರಿಲ್ಲ, ದರಿದ್ರದವು. ಕೋಲಿನ ಅಗತ್ಯವೇ ಇಲ್ಲವಾಯಿತು. ಆದರೂ ಕುಟ್ಟುತ್ತಿದ್ದೆ. ಮೇಲಿನಿಂದ ತಕ್ಷಣ ಕಾಲು ಬಡಿಯುತ್ತಿತ್ತು, ಲೈನಿನಲ್ಲಿ ಯಾರೂ ಇಲ್ಲ ಅಂತ.

ಕೆಂಗೇರಿಯಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೊರಟ ದಿನ ಈ ಡಬ್ಬ ತಂದರು. ಒಳಗೆ ಕಪ್ಪು ಚೌಕದ ಫ್ಲಾಪಿಗಳು. ಅವುಗಳಲ್ಲಿ ಎಲ್ಲ ಥರದ ಬೋರ್ಡೂ ಇತ್ತು, ಎಲ್ಲರ ಮಾತೂ ಇತ್ತು, ನನ್ನ ಏಳೂ ಇತ್ತು. ಹೊಸ ಮನೆಗೆ ಈ ಕಸ ಬೇಡ ಎಂದಿದ್ದರಂತೆ ಅವರ ಹೆಂಡತಿ.

"ನಿಮ್ ಹತ್ರ ಇದ್ರೆ ಉಳಿಯುತ್ತೆ ಅಮ್ಮ. ತೇವ ಒಂದು ತಾಗ್ಬಾರ್ದು, ಅಷ್ಟೇ."

ತೇವ ತಾಗಲು ನಾನು ಬಿಡುತ್ತೇನೆಯೇ? ಪ್ರತಿ ಬೇಸಿಗೆ ತಾರಸಿಯಲ್ಲಿ ಸಂಡಿಗೆ ಇಡುವ ದಿನ ಅವನ್ನೂ ಚಾಪೆಯ ಮೇಲೆ ಹರಡಿ, ಮಧ್ಯಾಹ್ನ ಮಗುಚಿ, ಸೆರಗಲ್ಲಿ ಒರೆಸಿ, ಹೊಸ ನುಸಿಗುಳಿಗೆ ಹಾಕಿ ಮುಚ್ಚಿಡುತ್ತಿದ್ದೆ. ಇಪ್ಪತ್ತಕ್ಕೂ ಹೆಚ್ಚು ಬೇಸಿಗೆ. ನನ್ನ ರೇಷ್ಮೆ ಸೀರೆಗೂ ಅಷ್ಟು ಮಾಡಿಲ್ಲ.

ಈ ಯುಗಾದಿ ಕಳೆದ ಮೇಲೆ ಅವರ ಮಗಳು ಬಂದಳು. ಅಪ್ಪ ಹೋದರು ಎಂದಳು. ಕೊನೆಗೆ ಡಬ್ಬದ ಮಾತೆತ್ತಿದ್ದರಂತೆ. ಹಳೆಯ ಬೋರ್ಡುಗಳನ್ನು ಮತ್ತೆ ಓಡಿಸುವವರು ಈಗ ಇದ್ದಾರಂತೆ. ಜಂಬದಿಂದ ತೆಗೆದುಕೊಟ್ಟೆ. ಏಳನೇ ನಂಬರಿನದು ಸಿಕ್ಕರೆ ನನಗೆ ಓದಿ ಹೇಳಬೇಕು ಎಂದೂ ಹೇಳಿದೆ. ವಾರಕ್ಕೆ ಡಬ್ಬ ವಾಪಸು ತಂದಳು.

"ಅಜ್ಜಿ, ಬಿಸಿಲಿಗೇನಾದ್ರೂ ಇಟ್ಟಿದ್ರಾ?"

"ವರ್ಷಾ ವರ್ಷಾ ಇಟ್ಟಿದೀನಿ. ಒಂದ್ಸಲಾನೂ ತಪ್ಪಿಸಿಲ್ಲ."

ಎಲ್ಲವೂ ಸೊಟ್ಟಗಾಗಿವೆ, ಒಂದರಿಂದಲೂ ಒಂದಕ್ಷರ ಬರಲಿಲ್ಲ ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

ಈಗ ಅವರನ್ನೇ ಬೈಯುತ್ತೇನೆ. ಬೋರ್ಡಿಗೆ ಬರುವವರಿಗೆ ಮಾರುದ್ದ ನಿಯಮ ಬರೆದಿಡುತ್ತಿದ್ದ ಮನುಷ್ಯನಿಗೆ, ಬಿಸಿಲಿಗಿಡಬೇಡಿ ಎಂದು ಹೇಳಲು ಬಾಯಿ ಸವೆಯುತ್ತಿತ್ತೇ? ಕೆಂಗೇರಿ ಏನು ಕಾಶಿಯೇ? ಒಂದು ಬೇಸಿಗೆ ಬಂದು ತಾರಸಿ ಹತ್ತಿ ನೋಡಿದ್ದರೆ... ನಾನೂ ಕೇಳಬಹುದಿತ್ತು. ಕೇಳಲಿಲ್ಲ. ಒಣಗಿಸುವುದನ್ನು ನನಗೆ ಯಾರು ಹೇಳಿಕೊಡಬೇಕು ಎಂಬ ಸೊಕ್ಕು.

ಈಗ ಮೇಲಿನ ಬಾಡಿಗೆಯವರ ಕೈಯಲ್ಲಿ, ಎದುರುಮನೆಯವಳ ಕೈಯಲ್ಲಿ, ನನ್ನ ಕೈಯಲ್ಲೂ ಒಂದೇ ಥರದ ಫೋನು, ಅದರೊಳಗೆ ಒಂದೇ ಥರದ ಗುಡ್ ಮಾರ್ನಿಂಗು. ಎಲ್ಲರ ಮನೆಯಲ್ಲೂ ಅದೇ ಸಾರು.

ಡಬ್ಬದಲ್ಲಿ ಬಟ್ಟೆ ಕ್ಲಿಪ್ಪು ಹಾಕಿಟ್ಟಿದ್ದೇನೆ. ವಾಸನೆ ಹತ್ತಿದರೆ ಹತ್ತಲಿ. ಕೋಲೂ ಪಕ್ಕದಲ್ಲೇ ಇದೆ. ಕುಟ್ಟಿದರೆ ಮೇಲಿನವರು ಏನಾಯಿತೋ ಎಂದು ಇಳಿದು ಬರುತ್ತಾರೆ. ಕಾಲು ಬಡಿಯುವುದು ಅವರಿಗೆ ಗೊತ್ತಿಲ್ಲ.