ಬೆರಳಿಗೆ ತೊಟ್ಟ ನಿಂಬೆಹಣ್ಣು

ಆಗೆಲ್ಲ ನಮ್ಮೂರಲ್ಲಿ ಉಗುರುಸುತ್ತು ಆದರೆ ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ಹಿತ್ತಲಿಗೆ ಹೋಗುತ್ತಿದ್ದೆವು. ಹಿತ್ತಲಲ್ಲಿ ನಿಂಬೆಗಿಡ ಇತ್ತು. ಹೊಟ್ಟೆ ತೊಳಸಿದರೆ ಅದರ ಹಣ್ಣಿನ ಪಾನಕ, ತಲೆಯಲ್ಲಿ ಹೊಟ್ಟಾದರೆ ಅದರ ರಸ, ಜ್ವರ ಬಿಟ್ಟು ಬಾಯಿ ಕೆಟ್ಟಿದ್ದರೆ ಉಪ್ಪಿನಲ್ಲಿ ನೆನೆದು ಕಪ್ಪಾದ ಹಳೆಯ ಹೋಳು. ಹಿಂಡಿದ ಸಿಪ್ಪೆಯನ್ನೂ ಎಸೆಯುತ್ತಿರಲಿಲ್ಲ, ದೇವರ ದೀಪ ಉಜ್ಜಿ ಬೆಳಗಲು ಬೇಕಿತ್ತು. ಮಕ್ಕಳೇ, ಕೆ.ಆರ್. ಪುರದಾಚೆಯ ಆ ಹಳ್ಳಿ ಈಗ ನೀವು ಕಾರಿನಲ್ಲಿ ಕಾಯುವ ಒಂದು ಸಿಗ್ನಲ್. ನಿಮ್ಮ ತಾತ ಇದ್ದಿದ್ದರೆ ಇದನ್ನು ನಿಮಗೆ ಬಾಯಲ್ಲೇ ಹೇಳುತ್ತಿದ್ದರು. ನನಗೆ ಅಷ್ಟು ಮಾತು ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಹೂವಿನ ತೋಟ. ಕಾಕಡ, ಕನಕಾಂಬರ. ಅಮ್ಮ ಹೂ ತೆಗೆದುಕೊಂಡು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗುತ್ತಿದ್ದಳು. ಶ್ರಾವಣದಲ್ಲಿ ಕೈ ಸಾಲದು. ಆ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂ ಕಟ್ಟಲು ನನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದಳು. ಸ್ಕೂಲಿನಲ್ಲಿ ಹೆಸರು ಕೇಳಿದರೆ ತಲೆ ತಗ್ಗಿಸುತ್ತಿದ್ದ ನನಗೆ ಹೂ ಕಟ್ಟುವುದೊಂದೇ ಚೆನ್ನಾಗಿ ಬರುತ್ತಿದ್ದದ್ದು. ಪೇಟೆ ನೋಡುವ ಆಸೆಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಅಷ್ಟರಲ್ಲಿ ಬಲಗೈ ತೋರುಬೆರಳಿಗೆ ಉಗುರುಸುತ್ತು ಬಂತು. ಬೆರಳು ಕೆಂಪಗೆ ಊದಿ ಟಣ್ ಟಣ್ ಎಂದು ಹೊಡೆದುಕೊಳ್ಳುತ್ತಿತ್ತು. ಅಜ್ಜಿ ನಿಂಬೆಹಣ್ಣೊಂದನ್ನು ಬಿಸಿ ಬೂದಿಯಲ್ಲಿ ಹೊರಳಿಸಿ, ಚಾಕುವಿನ ತುದಿಯಿಂದ ತೂತು ಮಾಡಿ, ಅರಿಶಿನ ತುಂಬಿ ನನ್ನ ಬೆರಳಿಗೆ ಸಿಕ್ಕಿಸಿದಳು. ಮೊದಲು ಚುರ್ ಎಂದು ಜೀವ ಹೋದಂತಾಯಿತು. ಆಮೇಲೆ ತಣ್ಣಗಾಯಿತು.

ಅಮ್ಮ ಮಾತ್ರ ತಲೆ ಆಡಿಸಿದಳು. "ಕೀವಿನ ಕೈಲಿ ದೇವರ ಹೂ ಮುಟ್ಟಬಾರ್ದು. ಎಡಗೈಲಂತೂ ಆಗಲ್ಲ. ಬಂದು ಏನ್ ಮಾಡ್ತೀಯ, ಮನೇಲಿರು."

ನಾನು ಕಂಬ ಹಿಡಿದು ನಿಂತೆ.

"ಕರ್ಕೊಂಡು ಹೋಗೇ," ಎಂದಳು ಅಜ್ಜಿ. "ನಿಂಬೆಹಣ್ಣಿರೋ ಕೈಗೆ ಮೈಲಿಗೆ ಎಲ್ಲಿಂದ ಬರುತ್ತೆ? ಅಮ್ಮನೋರ ಕೊರಳಲ್ಲೇ ಅದು ಇರಲ್ವಾ?"

"ನಿಮ್ಮ ಮೊಮ್ಮಗಳ ಬೆರಳಲ್ಲಿರೋದು ಬೇರೆ ಬಿಡಿ ಅತ್ತೆ," ಎಂದಳು ಅಮ್ಮ. ಆದರೂ ನನ್ನ ತಲೆ ಬಾಚಿದಳು. ಹೂ ಮುಟ್ಟಬಾರದು, ಬುಟ್ಟಿ ಕಾಯಬೇಕು ಎಂಬ ಮಾತಿನ ಮೇಲೆ ಹೊರಟೆವು.

ಬಸ್ಸಿನಲ್ಲಿ ಎಲ್ಲರ ಕಣ್ಣೂ ನನ್ನ ಬೆರಳ ಮೇಲೆ. ಪಕ್ಕದಾಕೆ, "ಏನಾಯ್ತು ಮಗೂ? ಉಗುರುಸುತ್ತಾ? ಸ್ವಲ್ಪ ಉಪ್ಪು ಹಾಕ್ಬೇಕಿತ್ತು," ಎಂದಳು. ಹಿಂದಿನ ಸೀಟಿನವರು ಉಪ್ಪು ಬೇಡ, ಸುಣ್ಣ ಎಂದರು. ಕಂಡಕ್ಟರು, "ಹಣ್ಣಿಗೂ ಟಿಕೆಟ್ ತಗೋಬೇಕಮ್ಮ," ಎಂದರು. ನಾಚಿಕೆಯಿಂದ ಕೈಯನ್ನು ಅಮ್ಮನ ಸೆರಗಿನೊಳಗೆ ಇಟ್ಟುಕೊಂಡೆ.

ಮಾರುಕಟ್ಟೆಯಲ್ಲಿ ಅಮ್ಮ ಕೂರುತ್ತಿದ್ದ ಜಾಗದ ಪಕ್ಕದಲ್ಲೇ ಒಬ್ಬ ಚಾಚಾ ನಿಂಬೆಹಣ್ಣು ಮಾರುತ್ತಿದ್ದರು. ಕೊತ್ತಂಬರಿ, ಮಲ್ಲಿಗೆ, ಒದ್ದೆ ಗೋಣಿಚೀಲದ ವಾಸನೆಯ ನಡುವೆ ಅವರ ರಾಶಿ ಹಳದಿಯಾಗಿ ಹೊಳೆಯುತ್ತಿತ್ತು. ನನ್ನನ್ನು ಕಂಡವರೇ, "ಅರೇ, ನನ್ನ ಮಾಲು ಎತ್ಕೊಂಡು ಬೆರಳಿಗೆ ಸಿಕ್ಕಿಸ್ಕೊಂಡ್ಯಾ?" ಎಂದರು.

"ಇಲ್ಲ, ಇದು ನಮ್ಮ ಗಿಡದ್ದು," ಎಂದೆ. ಹೊರಗಿನವರ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಕಂಡು ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ ನೋಡಿದಳು.

ಚಾಚಾ ನಕ್ಕರು. ಮಾರನೆಯ ದಿನ ಶುಕ್ರವಾರ. ಹಲಸೂರಿನ ಕಡೆಯವರು ಅಮ್ಮನವರ ಗುಡಿಗೆಂದು ನಿಂಬೆಹಣ್ಣಿನ ಹಾರ ಕೇಳಿಕೊಂಡು ಬರುತ್ತಿದ್ದರು. ಚಾಚಾಗೆ ವ್ಯಾಪಾರದ ನಡುವೆ ಪೋಣಿಸಲು ಪುರಸೊತ್ತಿಲ್ಲ. ಅವರು ಅಮ್ಮನನ್ನು ಕೇಳಿದರು, "ನಿಮ್ಮ ಹುಡುಗಿ ಸುಮ್ನೆ ಕೂತಿದೆಯಲ್ಲಮ್ಮ, ಹಾರ ಪೋಣಿಸುತ್ತಾ?"

"ಬೆರಳು ಕೀವಾಗಿದೆ ಚಾಚಾ. ದೇವರಿಗೆ ಹೋಗೋದು."

"ಹೂವಿಗೆ ಆ ಭಯ ಇರ್ಬೋದು. ಹುಳಿ ಹಣ್ಣಿಗೆ ಏನಮ್ಮ? ಅದು ತೊಳೆಯೋ ವಸ್ತು. ನಮ್ಮ ಅಮ್ಮೀನೂ ನಮ್ಗೆ ಹೀಗೇ ಸಿಕ್ಕಿಸ್ತಿದ್ರು."

ಅಜ್ಜಿ ಹೇಳಿದ್ದನ್ನೇ ಇವರೂ ಹೇಳಿದರಲ್ಲ ಎಂದು ಅಮ್ಮನಿಗೆ ನಗು ಬಂತು. "ಪೋಣಿಸು ಹೋಗು," ಎಂದಳು.

ಎಡಗೈಯಲ್ಲಿ ದಬ್ಬಳ ನೆಟ್ಟಗೆ ಹಿಡಿದು, ಬಲ ಅಂಗೈಯಿಂದ ಹಣ್ಣನ್ನು ಒತ್ತಿ ಇಳಿಸುವುದು. ತೋರುಬೆರಳು ಮಾತ್ರ ತನ್ನ ಹಣ್ಣನ್ನು ಹೊತ್ತು ಕೊಂಬಿನಂತೆ ನೆಟ್ಟಗೆ ನಿಂತಿತ್ತು. "ನೋಡ್ಕೊಂಡು, ಅದನ್ನೂ ಪೋಣಿಸಿಬಿಟ್ಟೀಯ," ಎಂದು ಚಾಚಾ ಆಗಾಗ ಎಚ್ಚರಿಸುತ್ತಿದ್ದರು. ಹೋಗಿಬರುವವರೆಲ್ಲ ನಿಂತು ನೋಡಿ, ಏನಾಯ್ತು ಎಂದು ಕೇಳಿ, ತಮಗೆ ತಿಳಿದ ಮದ್ದು ಹೇಳಿ ಹೋಗುತ್ತಿದ್ದರು. ಒಬ್ಬಾಕೆ ತಮಿಳಿನಲ್ಲಿ ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಆಕೆ ನನ್ನ ಕೆನ್ನೆ ಸವರಿದ್ದು ಅರ್ಥವಾಯಿತು. ಹೊತ್ತು ಏರುತ್ತಾ ಕೈ ಬಚ್ಚಿಡುವುದನ್ನೇ ಮರೆತೆ.

ಸಂಜೆ ಚಾಚಾ ನನ್ನ ಬೆರಳಿನ ಹಣ್ಣು ತೆಗೆದರು. ಅದು ಬಾಡಿತ್ತು. ಕೀವು ಒಡೆದು ನೋವೆಲ್ಲ ಇಳಿದಿತ್ತು. ತಮ್ಮ ರಾಶಿಯಿಂದ ತೆಳು ಸಿಪ್ಪೆಯ ಹಣ್ಣು ಆರಿಸಿ ಹೊಸದಾಗಿ ಸಿಕ್ಕಿಸಿ, "ಈಗ ಹೇಳ್ಬೋದು, ಇದು ಚಾಚಾ ಅಂಗಡೀದು ಅಂತ," ಎಂದರು. ವಾಪಸು ಬಸ್ಸಿನಲ್ಲಿ ಕೇಳಿದವರಿಗೆಲ್ಲ ಹಾಗೇ ಹೇಳಿದೆ.

ಹೋದ ತಿಂಗಳು ಅದೇ ಬೆರಳಿಗೆ ಮತ್ತೆ ಉಗುರುಸುತ್ತು ಬಂತಲ್ಲ. ಡಾಕ್ಟರು ಮುಲಾಮು ಕೊಟ್ಟರು. ನಾನು ಮೆಲ್ಲಗೆ ನಿಂಬೆಹಣ್ಣಿನ ವಿಷಯ ಎತ್ತಿದಾಗ, ಅದರ ಹುಳಿಗೆ ಕೆಲವು ಕ್ರಿಮಿಗಳನ್ನು ತಡೆಯುವ ಗುಣ ಇರುವುದು ನಿಜ, ಆದರೆ ಊತ ಹೆಚ್ಚಾದರೆ ಅದನ್ನೇ ನಂಬಿ ಕೂರಬೇಡಿ ಎಂದರು. ಒಳ್ಳೆಯ ಮಾತು. ನೋವು ಮುಲಾಮಿಗೇ ಇಳಿಯಿತು. ಆದರೂ ಆಸೆಗೆ ಒಂದು ಹಣ್ಣು ಸಿಕ್ಕಿಸಿಕೊಂಡು ಕುಕ್ ಟೌನಿನಿಂದ ಶಿವಾಜಿನಗರಕ್ಕೆ ಬಸ್ಸು ಹತ್ತಿದೆ. ಈ ಸಲ ಕೈಯನ್ನು ಸೆರಗಿನೊಳಗೆ ಇಡಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಚೀಲದ ಮೇಲೆ ಇಟ್ಟುಕೊಂಡೆ. ಪಕ್ಕದ ಹುಡುಗಿ ಒಮ್ಮೆ ನೋಡಿ ಮತ್ತೆ ಫೋನಿಗೆ ಕಣ್ಣು ಹಾಕಿದಳು. ಇಳಿಯುವವರೆಗೂ ಯಾರೂ ಏನೂ ಕೇಳಲಿಲ್ಲ.

ಮನೆಗೆ ಬಂದಾಗ ಬಾಗಿಲು ತೆಗೆದದ್ದು ನಮ್ಮ ಪುಟ್ಟಿ. "ಅಜ್ಜೀ, ಬೆರಳಿಗೆ ಏನಾಯ್ತು?" ಎಂದಳು. ಅವಳು ಕೇಳಿದಳಲ್ಲ, ಅದಕ್ಕೇ ಇಷ್ಟು ಬರೆದೆ.