ಸಲ್ಮಾಬಾದಿನ ವೈಬರ್ನಮ್

ಹೆಲೆನ್ ಗಿಡಮರಗಳ ಹುಚ್ಚಿನ ಹೆಂಗಸಲ್ಲ. ಗಲ್ಫಿನ ಸೀಫ್ ಪೇಟೆಯ ಆಫೀಸಿನಲ್ಲಿ ಅವಳ ಮೇಜಿನ ಮೇಲಿಟ್ಟ ಮನಿಪ್ಲಾಂಟ್ ಕೂಡ ಬದುಕಿ ಉಳಿದದ್ದಿಲ್ಲ. ಆದರೆ ಸಲ್ಮಾಬಾದಿನ ಕ್ರೈಸ್ತರ ಸ್ಮಶಾನದಲ್ಲಿ, ಹುಟ್ಟಿದ ವಾರದಲ್ಲೇ ತೀರಿಹೋದ ಮಗ ಕ್ರೇಗ್‌ನ ಸಮಾಧಿಯ ತಲೆಭಾಗದಲ್ಲಿ ಅವಳು ಒಂದು ವೈಬರ್ನಮ್ ಗಿಡ ನೆಟ್ಟಿದ್ದಳು. ತಂಪು ಸೀಮೆಯ ಗಿಡ. ಚಳಿ ಬಿದ್ದಾಗ ಸಣ್ಣ ಬಿಳಿ ಹೂಗಳು ಗೊಂಚಲು ಗೊಂಚಲಾಗಿ ಬಿಡುತ್ತವೆ. ಬೇಸಿಗೆಯಲ್ಲಿ ಮನುಷ್ಯರೇ ಬಾಡುವ ಈ ಊರಿನಲ್ಲಿ ಅದು ಬದುಕುವುದಿಲ್ಲ ಎಂದು ನರ್ಸರಿಯವನು ಮಾರುವಾಗಲೇ ಹೇಳಿದ್ದ. ಹೆಲೆನ್ ಕಿವಿಗೆ ಹಾಕಿಕೊಳ್ಳಲಿಲ್ಲ.

ನಲ್ಲಿ ನೀರಿನ ಉಪ್ಪಿಗೆ ಎಲೆಗಳ ಅಂಚು ಸುಟ್ಟಾಗ ಅವಳು ಮನೆಯ ಎ.ಸಿ. ಪೈಪಿನ ಕೆಳಗೆ ಬಕೆಟ್ ಇಟ್ಟಳು. ಅಲ್ಲಿ ತೊಟ್ಟಿಕ್ಕುವ ನೀರಿಗೆ ಉಪ್ಪಿಲ್ಲ. ಅದನ್ನು ಕ್ಯಾನಿಗೆ ತುಂಬಿಕೊಂಡು, ಆಫೀಸು ಬಿಟ್ಟವಳೇ ಕಾರು ತಿರುಗಿಸಿ ಹೋಗಿ, ಬುಡಕ್ಕೆ ಸ್ವಲ್ಪ ಸ್ವಲ್ಪವೇ ಹೊಯ್ಯುವಳು. ಬಿಸಿಲಿಗೆ ಹಳೆಯ ಬೆಡ್‌ಶೀಟ್ ಕಟ್ಟಿದಳು. ಹೂ ಉದುರಿದ ಮೇಲೆ ಗೆಲ್ಲು ಸವರಿದಳು. ಗಂಡ ಕೊಸ್ಮಸ್ ಮೊದಮೊದಲು ಗೊಣಗಿ, ಆಮೇಲೆ ಸುಮ್ಮನಾದ. ಮಗುವಿಗೆ ಹಾಲುಣಿಸಲು ಆಗದವಳು ಗಿಡಕ್ಕಾದರೂ ನೀರುಣಿಸಲಿ ಎಂದುಕೊಂಡನೋ ಏನೋ.

ಬೇರು ಇಷ್ಟರಲ್ಲಿ ಕ್ರೇಗ್‌ನ ಹತ್ತಿರ ಮುಟ್ಟಿರುತ್ತದೆ ಎಂಬುದು ಹೆಲೆನಳ ನಂಬಿಕೆ. ಯಾರಿಗೂ ಹೇಳುವ ಮಾತಲ್ಲ ಅದು, ಕೊಸ್ಮಸನಿಗೆ ಬಿಟ್ಟು. ತಾನು ಹೊಯ್ದ ನೀರು ಮಗನವರೆಗೆ ಇಳಿಯುತ್ತಿದೆ, ಅವನು ಅಲ್ಲಿ ಒಬ್ಬನೇ ಇಲ್ಲ ಎಂಬ ಧೈರ್ಯದ ಮೇಲೆಯೇ ಅವಳು ಇಷ್ಟು ವರ್ಷ ಉಂಡದ್ದು, ಮಲಗಿದ್ದು.

ಕಳೆದ ಬೇಸಿಗೆಯಲ್ಲಿ ಹೆಲೆನಳ ಕೆಲಸ ಹೋಯಿತು. ಚಳಿಗಾಲದಲ್ಲಿ ಕೊಸ್ಮಸನ ಕಂಪೆನಿಯೂ ಮುಚ್ಚಿತು. ಗಂಟುಮೂಟೆ ಕಟ್ಟಿ ಊರಿಗೆ, ಶಿರ್ವಕ್ಕೆ, ಹೊರಡದೆ ಬೇರೆ ದಾರಿಯಿರಲಿಲ್ಲ. ಸಾಮಾನು ಕಟ್ಟುವ ಚಿಂತೆ ಅವನಿಗೆ, ಗಿಡಕ್ಕೆ ನೀರು ಯಾರು ಹಾಕುತ್ತಾರೆ ಎಂಬ ಚಿಂತೆ ಇವಳಿಗೆ.

ಇಗರ್ಜಿಯಲ್ಲಿ ಸಿಗುವ ವೆಂಡಿ, "ಅದೆಂತ ದೊಡ್ಡ ಕೆಲ್ಸ, ನಾನು ನೋಡಿಕೊಳ್ತೇನೆ" ಎಂದಳು. ಹಿಂದೊಮ್ಮೆ ಇವರು ರಜೆಯಲ್ಲಿ ಊರಿಗೆ ಹೋದಾಗಲೂ ಅವಳು ಹೀಗೇ ಹೇಳಿದ್ದಳು. ಬಂದು ನೋಡಿದರೆ ಅರ್ಧ ಗಿಡ ಕಡ್ಡಿಯಾಗಿತ್ತು. ಮಾತು ಕೊಡುವುದಕ್ಕೆ ಏನು ಖರ್ಚು? ಪಕ್ಕದ ಫ್ಲ್ಯಾಟಿನ ಪಂಕಜಾಕ್ಷಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಸುಮ್ನೆ ಆಸೆ ಹುಟ್ಟಿಸಿ ಕಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ ಹೆಲೆನ್. ನಂಗೆ ಕಾರು ಬಿಡ್ಲಿಕ್ಕೆ ಬರುದಿಲ್ಲ. ಆ ಬಿಸಿಲಿಗೆ ಯಾರು ಹೋಗ್ತಾರೆ ಹೇಳು."

ಹೆಲೆನ್‌ಗೆ ಸಿಟ್ಟು ಬರಲಿಲ್ಲ. ಅಂದೇ ಅವಳು ತೀರ್ಮಾನ ಮಾಡಿದಳು.

ಹೊರಡುವ ಮುಂಚಿನ ಸಂಜೆ ಇಬ್ಬರೂ ಸಣ್ಣ ಗರಗಸ ಹಿಡಿದು ಸ್ಮಶಾನಕ್ಕೆ ಹೋದರು. ಗಿಡದ ತುಂಬ ಮೊಗ್ಗಿತ್ತು.

"ಇರ್ಲಿ ಬಿಡು ಮಾರಾಯ್ತಿ. ಇರುವಷ್ಟು ದಿನ ಇರ್ತದೆ," ಎಂದ ಕೊಸ್ಮಸ್.

"ಬಾಯಾರಿ ಸಾಯುದು ಬೇಡ. ಮೇಲಿಂದು ನಾನೇ ಕಡೀತೇನೆ. ಬೇರು ಅವನ ಹತ್ರ ಇರ್ಲಿ."

ಹೆಲೆನ್ ಮೊಣಕಾಲೂರಿ ಕೂತು, ಕೊಯ್ಯಲು ಅನುಕೂಲವಾಗಲೆಂದು ಕಾಂಡವನ್ನು ಒಂದು ಕೈಯಲ್ಲಿ ಬಗ್ಗಿಸಿ ಹಿಡಿದಳು. ಗರಗಸ ತಾಗುವ ಮೊದಲೇ ಗಿಡ ಬುಡಸಮೇತ ಅವಳ ಕೈಗೆ ಬಂತು. ಬೇರು ಒಂದು ಗೇಣೂ ಕೆಳಗಿಳಿದಿರಲಿಲ್ಲ. ಅವಳ ಕ್ಯಾನಿನ ನೀರು ಎಲ್ಲಿಯವರೆಗೆ ಇಳಿಯುತ್ತಿತ್ತೋ ಅಲ್ಲಿಗೇ ನಿಂತು, ಚಾಪೆಯ ಹಾಗೆ ಸುತ್ತಲೂ ಹೆಣೆದುಕೊಂಡಿತ್ತು. ಅದರಡಿಯ ಮಣ್ಣು ಒಣ ಹುಡಿ.

ಕೊಸ್ಮಸ್ ಅವಳ ಭುಜ ಹಿಡಿದು ಎಬ್ಬಿಸಲು ನೋಡಿದ. ಹೆಲೆನ್ ಏಳಲಿಲ್ಲ. ಗುಂಡಿಗೆ ಕೈ ಹಾಕಿ ಕೆದಕುತ್ತಲೇ ಇದ್ದಳು. ಎಲ್ಲಿ ಕೆದಕಿದರೂ ಅದೇ ಒಣ ಮಣ್ಣು.

"ಇಷ್ಟು ವರ್ಷದಲ್ಲಿ," ಎಂದಳು, "ಅವನಿಗೆ ಒಂದು ತೊಟ್ಟು ಸಹ ಮುಟ್ಲಿಲ್ಲ."