ಅವ್ವನ ತುರುಬು

ನನ್ನ ಕೂದಲು ಉದುರುವುದನ್ನು ಕಂಡು ಖುಷಿಪಟ್ಟ ಜೀವ ಈ ಲೋಕದಲ್ಲಿ ಒಂದೇ ಒಂದು. ಅದು ನನ್ನ ಹೆತ್ತ ಅವ್ವ.

ರೋಣದಲ್ಲಿ ನಮ್ಮ ಓಣಿಗೆ ಬರುವುದು ಬೋರಿನ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ, ತಲೆಗೆ ಹಾಕಿಕೊಂಡರೆ ಕೂದಲು ಕಸಬರಿಗೆಯಾಗುತ್ತದೆ. ಒಂದು ಬೇಸಿಗೆಯಲ್ಲಿ ತಲೆಗೆ ಹಣಿಗೆ ತಾಗಿಸಿದರೆ ಸಾಕು, ನನ್ನ ಕೂದಲು ಹಿಡಿ ಹಿಡಿಯಾಗಿ ಕಿತ್ತು ಬರತೊಡಗಿತು. ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ಬೋರ್ಡಿನ ಕಡೆ ತಿರುಗಿದಾಗ ಮಕ್ಕಳೆಲ್ಲ ನನ್ನ ನೆತ್ತಿಯನ್ನೇ ನೋಡುತ್ತಿದ್ದಾರೆಂಬ ಅನುಮಾನಕ್ಕೆ ಸಾದಾ ಭಾಗಾಕಾರವೂ ತಪ್ಪುತ್ತಿತ್ತು. ಅವ್ವ ಮಾತ್ರ ನೆಲಕ್ಕೆ ಬಿದ್ದ ಒಂದೊಂದೇ ಎಳೆ ಹೆಕ್ಕಿ, ಬೆರಳಿಗೆ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕುತ್ತಿದ್ದಳು.

ಮೊದಲು ನನಗೇನೂ ಅನ್ನಿಸಲಿಲ್ಲ. ನಮ್ಮ ಕಡೆ ಉದುರಿದ ಕೂದಲನ್ನು ಸುಮ್ಮನೆ ಬಿಸಾಡುವವರು ಕಡಿಮೆ. ಬೈಕಿಗೆ ಸ್ಟೀಲ್ ಸಾಮಾನು ಕಟ್ಟಿಕೊಂಡು ಒಬ್ಬ ಓಣಿ ಓಣಿ ತಿರುಗುತ್ತಾನೆ. ಕೂದಲು ಕೊಟ್ಟರೆ ಬಟ್ಟಲೋ ಚಮಚವೋ ಕೊಡುತ್ತಾನೆ. ನಮ್ಮ ಅಡುಗೆಮನೆಯ ಅರ್ಧ ಸಾಮಾನು ನಮ್ಮ ತಲೆಯಿಂದಲೇ ಇಳಿದದ್ದು. ಆದರೆ ಆ ಸಲ ಅವನು ದೊಡ್ಡ ಡಬ್ಬಿಯನ್ನೇ ಎತ್ತಿ ತೋರಿಸಿದರೂ ಅವ್ವ, "ಕೂದಲ ಇಲ್ಲಪಾ, ಮುಂದ ನಡಿ," ಎಂದುಬಿಟ್ಟಳು. ಸ್ಟೀಲ್ ಡಬ್ಬಿ ಬೇಡವೆನ್ನುವ ಅವ್ವನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಯವ್ವಾ, ಚೀಲ ತುಂಬೇತಲ್ಲ. ಸುಳ್ಳ ಯಾಕ ಹೇಳಿದಿ?"

"ಅದು ಡಬ್ಬಿಗಲ್ಲ. ನಾ ಚೌರಿ ಮಾಡಸ್ತೀನಿ."

ಚೌರಿ ಎಂದರೆ ತುರುಬು ದಪ್ಪ ಕಾಣಲೆಂದು ಸೇರಿಸಿಕೊಳ್ಳುವ ಕೂದಲಿನ ಕಟ್ಟು. ಅದು ಯಾಕೆ ಬೇಕಾಯಿತೆಂದು ಕೇಳಬೇಕಾಗಿರಲಿಲ್ಲ. ಎಲ್ಲದಕ್ಕೂ ಕಾರಣ ಗಜೇಂದ್ರಗಡದ ಅತ್ತೆ, ಅಪ್ಪನ ತಂಗಿ. ಈ ವಯಸ್ಸಿನಲ್ಲೂ ಅವಳ ತುರುಬು ಬೆಲ್ಲದ ಪೆಂಟೆಯಷ್ಟಿದೆ. ತನ್ನ ಮಗನ ನಿಶ್ಚಯದ ದಿನ, ಬೀಗರೆಲ್ಲ ಸಾಲಾಗಿ ಕೂತಿದ್ದಾಗ, ಅವ್ವನ ತಲೆಯ ಹಿಂದೆ ಕೈ ಹಾಕಿ, "ವೈನಿ, ಇದು ತುರಬಲ್ರೀ, ಅಡಕಿ!" ಎಂದಿದ್ದಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಆಮೇಲೆ ಬಸ್ಸು ರೋಣ ಮುಟ್ಟುವವರೆಗೆ ತಲೆಯ ಮೇಲಿನ ಸೆರಗು ಇಳಿಸಲಿಲ್ಲ.

"ಮದುವಿಗೆ ಹೋದ್ರ ತುಂಬ ತುರುಬ ಕಟಗೊಂಡ ಹೋಗಾಕಿ," ಎಂದಳು ಈಗ. "ಇಲ್ಲಂದ್ರ ನಾ ಬರಂಗಿಲ್ಲ. ನೀ ಒಬ್ಬಾಕಿನ ಹೋಗಿ ಅಕ್ಕಿಕಾಳ ಹಾಕಿ ಬಾ."

"ಅಂಗಡ್ಯಾಗ ಸಿಗತಾವಲ್ಲ ಚೌರಿ?"

"ಯಾವಾಕಿ ತಲೀದೋ ಏನೋ! ಹೇನ ಇದ್ವೋ, ಹೊಲಸ ಬುದ್ಧಿ ಇತ್ತೋ, ಯಾರಿಗ್ಗೊತ್ತು? ಮಗಳದಾದ್ರ ಮನಿ ಕೂದಲ."

ಅವಳಿಗೆ ತುರುಬಿನ ಚಿಂತೆ, ನನಗೆ ನೆತ್ತಿಯ ಚಿಂತೆ. ಮಳೆಗಾಲ ಬಂದದ್ದೇ ತಾರಸಿಯ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟೆ. ಯಾವಗಲ್ ಊರಿನಿಂದ ಬರುವ ನಮ್ಮ ಶಾಲೆಯ ಟೀಚರು ಹೊಲದ ಎರೆಮಣ್ಣು ತಂದುಕೊಟ್ಟರು. ಅದನ್ನು ನೆನೆಸಿ, ಸೋಸಿ, ತಲೆಗೆ ಮೆತ್ತಿಕೊಂಡೆ. ಶನಿವಾರ ಎಣ್ಣೆ, ಭಾನುವಾರ ಮೆಂತ್ಯ ಮತ್ತು ಸೀಗೆಕಾಯಿ. ಒದ್ದೆ ಕೂದಲಿಗೆ ಹಣಿಗೆ ಮುಟ್ಟಿಸಲಿಲ್ಲ, ಹೆರಳು ಬಿಗಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಕೂದಲು ಉದುರುವುದು ನಿಂತೇಹೋಯಿತು. ನಾನು ಕನ್ನಡಿ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಅವ್ವ ಮಾತ್ರ ದಿನಾ ಬೆಳಿಗ್ಗೆ ಹಣಿಗೆ ತಿರುವಿ ತಿರುವಿ ನೋಡಿ, "ಇವತ್ತ ಇಷ್ಟನ ಏನ?" ಎಂದು ಹಾಲು ಬತ್ತಿದ ಎಮ್ಮೆಯನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದಳು.

ಅಲ್ಲಿಗೇ ಬಿಡಲಿಲ್ಲ ಮಹಾತಾಯಿ. "ಬಾ, ನಾ ತಲಿ ಹಿಕ್ಕತೀನಿ," ಎಂದು ಭಾರೀ ಪ್ರೀತಿಯಿಂದ ಕರೆದು, ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆ ಹಿಡಿದು ಜಗ್ಗತೊಡಗಿದಳು.

"ಅಯ್ಯಯ್ಯೋ! ತಲಿ ಹಿಕ್ಕಾಕತ್ತೀಯೋ, ಕಳೇ ಕೀಳಾಕತ್ತೀಯೋ?"

"ಸಿಕ್ಕ ಬಿಡಸಾಕತ್ತೀನಿ, ಸುಮ್ನ ಕೂಡ."

"ಸಿಕ್ಕ ಇಲ್ಲದಲ್ಲೆ ಏನ ಬಿಡಸ್ತಿ?"

ಮದುವೆ ಹತ್ತಿರ ಬಂತು. ಚೀಲ ಹಿಡಿದುಕೊಂಡು ಇಬ್ಬರೂ ನರಗುಂದದ ಸಂತೆಗೆ ಹೋದೆವು. ಚೌರಿ ಕಟ್ಟುವ ಹೆಂಗಸು ಕೂದಲನ್ನು ಅಂಗೈಯಲ್ಲಿಟ್ಟು ಒತ್ತಿ ನೋಡಿ, "ಯಕ್ಕಾ, ಇದರಾಗ ಇಲಿ ಬಾಲ ಆದೀತು. ತುರುಬ ಆಗಂಗಿಲ್ಲ," ಎಂದಳು. ಅವ್ವ ಚೀಲ ಮಡಚಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಮದುವಿಗೆ ನೀ ಹೋಗಿ ಬಾ. ನನಗ ಮೊಣಕಾಲ ಬ್ಯಾನಿ," ಎಂದಳು. ಆಕೆಗೆ ಜನ್ಮದಲ್ಲಿ ಮೊಣಕಾಲು ನೋವು ಬಂದಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಮೇಲೆ ಸಿಟ್ಟು, ಅವ್ವನ ಮೇಲೆ ಸಿಟ್ಟು, ಆ ಬೋರಿನ ನೀರಿನ ಮೇಲೂ ಸಿಟ್ಟು. ಮನೆಗೆ ಬಂದವಳೇ ಹೊಲಿಗೆಯ ಕತ್ತರಿ ತೆಗೆದುಕೊಂಡು, ಹೆರಳನ್ನು ಕುತ್ತಿಗೆಯ ಹತ್ತಿರ ಕಚಕ್ಕನೆ ಕತ್ತರಿಸಿ ಅವಳ ಉಡಿಗೆ ಹಾಕಿದೆ.

"ಹಿಡಿ. ಹೋತಿಲ್ಲೋ ಮೊಣಕಾಲ ಬ್ಯಾನಿ?"

"ಅಯ್ಯ ನನ್ನ ಖೋಡಿ! ಏನ ಮಾಡಿದ್ಯ ಇದನ್ನ! ಈಗರೆ ಎಷ್ಟ ಚಲೋ ಆಗಿತ್ತ!" ಇಷ್ಟು ದಿನ ಎಳೆ ಎಳೆಯಾಗಿ ಜಗ್ಗಿದ್ದವಳು ಆ ಹೆರಳನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ನನ್ನ ಬೆನ್ನಿಗೆ ಎರಡು ಗುದ್ದಿದಳು. ನನಗೂ ಅಳು ಬಂತು. ಆ ಗಳಿಗೆಯಲ್ಲಿ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಇನ್ನೊಂದು ಹೆರಳಿದ್ದರೆ ಅದನ್ನೂ ಕತ್ತರಿಸುತ್ತಿದ್ದೆ. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳು ಅತ್ತದ್ದೂ ಮುಗಿದಿತ್ತು, ನರಗುಂದಕ್ಕೆ ಹೋಗಿ ಬಂದದ್ದೂ ಆಗಿತ್ತು.

ಗಜೇಂದ್ರಗಡದ ಮದುವೆಯಲ್ಲಿ ಅವ್ವ ಸೆರಗು ಹೊದೆಯಲಿಲ್ಲ. ತೆಂಗಿನಕಾಯಿಯಷ್ಟು ತುರುಬು, ಅದರ ಸುತ್ತ ಮಲ್ಲಿಗೆ. ಎದುರಿಗೆ ಬಂದವರನ್ನೆಲ್ಲ ಬೆನ್ನು ತೋರಿಸಿಯೇ ಮಾತಾಡಿಸಿದಳು. ಅತ್ತೆ ಬಂದಳು, ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ಹೆಸರಿಡಲು ಒಂದು ಕುಂದೂ ಸಿಗದೆ ನನ್ನ ಕಡೆ ತಿರುಗಿದಳು.

"ಇದೇನ ಅವತಾರ ನಿಂದು? ನಿಮ್ಮವ್ವನ ತಲಿ ನೋಡ, ನಿನ್ನ ತಲಿ ನೋಡ! ಇಂಥಾ ತಾಯಿ ಹೊಟ್ಟ್ಯಾಗ ಎಂಥಾಕಿ ಹುಟ್ಟೀದಿ!"

ಬೀಗರು ನಕ್ಕರು. ನಾನು ತುಟಿ ಕಚ್ಚಿಕೊಂಡು, ಸುಮ್ಮನಿರು ಎಂದು ಅವ್ವನಿಗೆ ಕಣ್ಸನ್ನೆ ಮಾಡಿದೆ. ಅವ್ವನ ಕೈ ಆಗಲೇ ತಲೆಯ ಹಿಂದೆ ಹೋಗಿತ್ತು. ಒಂದೊಂದೇ ಪಿನ್ನು ಕಿತ್ತಳು. ಹೂವಿನ ಸಮೇತ ಚೌರಿಯನ್ನು ಬಿಚ್ಚಿ ಅತ್ತೆಯ ಕೈಗಿಟ್ಟಳು.

"ಹಿಡೀರಿ. ಇದು ಅಕಿದ ಕೂದಲ. ಇಂಥಾ ಕೂದಲ ಈ ಮಂಟಪದಾಗ ಯಾರಿಗರೆ ಐತೇನ ಹೇಳ್ರಿ."

ಅಷ್ಟರಲ್ಲಿ ಫೋಟೋದವನು ಮನೆಯವರೆಲ್ಲ ಬರಬೇಕೆಂದು ಕೂಗಿದ. ಅವ್ವ ಉಳಿದ ನಾಲ್ಕು ಎಳೆಯನ್ನು ಗಂಟು ಹಾಕಿಕೊಂಡು, ನನ್ನ ಕೈ ಹಿಡಿದು ಎಳೆದುಕೊಂಡು ವೇದಿಕೆ ಹತ್ತಿದಳು.

ಆ ಫೋಟೋ ನಮ್ಮ ಮನೆಯಲ್ಲಿದೆ. ಮದುಮಕ್ಕಳು ನಗುತ್ತಿದ್ದಾರೆ. ಅವ್ವ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಎದೆಯುಬ್ಬಿಸಿ ನಿಂತಿದ್ದಾಳೆ. ಪಕ್ಕದಲ್ಲಿ ಅತ್ತೆ, ಎಲ್ಲಿಡಬೇಕೋ ತಿಳಿಯದೆ, ನನ್ನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾಳೆ.